ಹಳೇ ಕಾರಿನ ಸೈಲೆನ್ಸರ್ ಲೈನ್ ಸರಿಮಾಡಿಸೋದು, ಕೆಟ್ಟ ಕ್ಯಾಟ್ ಗುಜರಿಗೆ ಹಾಕೋದು: ಪುಣೆಯಲ್ಲಿರೋ ನಮ್ಮೋರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ಹಳೇ ಕಾರು ಇಟ್ಕೊಂಡಿರೋರು ಈ ಮಾತು ಕೇಳೇ ಇರ್ತೀರ: "ಸಾಹೇಬ್ರ, ಕ್ಯಾಟ್ ಬ್ಲಾಕ್ ಆಗ್ಯಾದ್ರಿ, ತಗದು ಸಾದಾ ಪೈಪ್ ಹಾಕಿಬಿಡ್ತೀನಿ, ಪಿಕಪ್ ಭಾರಿ ಬರ್ತದ. ಹಳೇದು ಇಲ್ಲೇ ಬಿಡ್ರಿ, ಅದರಾಗ ಏನೂ ಇರಂಗಿಲ್ಲ." ಕ್ಯಾಟ್ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್, ಇಂಜಿನ್ ಹೊಗೆಯ ವಿಷ ಕಮ್ಮಿ ಮಾಡೋ ಡಬ್ಬಿ. ಭೋಸರಿ, ಹಡಪ್ಸರ್ ಕಡೆ ವಿಜಾಪುರ, ಕಲಬುರ್ಗಿಯಿಂದ ಬಂದ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಇದಾರೆ, ನಮ್ಮ ಭಾಷೇಲಿ ಹೇಳ್ತಾರೆ ಅಂತ ನಾವೂ ಹೂಂ ಅಂದು ಬಂದುಬಿಡ್ತೀವಿ. ಆದ್ರೆ ಆ ಮಾತಲ್ಲಿ ಬ್ಲಾಕ್ ಆಗಿದೆ ಅನ್ನೋದು ಎಷ್ಟೋ ಸಲ ಬರೀ ಅಂದಾಜು, ಪಿಕಪ್ ಬರುತ್ತೆ ಅನ್ನೋದು ಹೆಚ್ಚುಕಮ್ಮಿ ಸುಳ್ಳು, ಒಳಗೆ ಏನೂ ಇಲ್ಲ ಅನ್ನೋದಂತೂ ಪೂರ್ತಿ ಸುಳ್ಳು. ಒಳಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಇರುತ್ತೆ. ಅದಕ್ಕೇ ಹಳೇದನ್ನ ಅಲ್ಲೇ ಬಿಟ್ಟುಹೋಗಿ ಅಂತಾರೆ.

ನಾನು ಇಲ್ಲಿ ಬರೀತಿರೋದು ಪೆಟ್ರೋಲ್ ಮತ್ತೆ ಸಿಎನ್‌ಜಿ ಗಾಡಿಗಳಿಗೆ, ಅಂದ್ರೆ ಹಳೇ ಸ್ಯಾಂಟ್ರೋ, ಝೆನ್, ವ್ಯಾಗನ್ ಆರ್, ಆಲ್ಟೋ, ಹಳೇ ಸಿಟಿ ತರದವು. ಡೀಸೆಲ್ ಲೆಕ್ಕ ಬೇರೆ, ಅದನ್ನ ಇಲ್ಲಿ ತರಲ್ಲ.

ಮೊದ್ಲು ಕೆಳಗೆ ಏನೇನಿದೆ ತಿಳ್ಕೊಳ್ಳಿ

ಇಂಜಿನ್‌ನಿಂದ ಹಿಂದಕ್ಕೆ ಹೋದ್ರೆ ಮೊದ್ಲು ಸಿಲಿಂಡರ್‌ಗಳ ಹೊಗೆ ಒಟ್ಟು ಸೇರಿಸೋ ಮ್ಯಾನಿಫೋಲ್ಡ್, ಆಮೇಲೆ ಫ್ರಂಟ್ ಪೈಪ್, ಅದರ ಹತ್ರ ಅಲುಗಾಡೋಕೆ ಬಿಡೋ ಫ್ಲೆಕ್ಸ್ ಪೈಪ್, ಕ್ಯಾಟ್, ಮಧ್ಯದಲ್ಲಿ ಸಣ್ಣ ಡಬ್ಬಿ, ಕೊನೇಲಿ ಸದ್ದು ಕಮ್ಮಿ ಮಾಡೋ ದೊಡ್ಡ ಮಫ್ಲರ್. ಗ್ಯಾರೇಜಲ್ಲಿ ಇಷ್ಟಕ್ಕೂ ಸೇರಿಸಿ ಸೈಲೆನ್ಸರ್ ಅಂತಾರೆ. ಕೆಲವು ಗಾಡಿಗಳಲ್ಲಿ ಕ್ಯಾಟ್ ಮ್ಯಾನಿಫೋಲ್ಡ್‌ಗೇ ಅಂಟಿಕೊಂಡು ಬಾನೆಟ್ ಒಳಗೇ ಇರುತ್ತೆ, ಕೆಲವದ್ರಲ್ಲಿ ಸೀಟಿನ ಕೆಳಗಡೆ ಬರುತ್ತೆ.

ಮುಂಬೈ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕ್ಯಾಟ್ ಕಡ್ಡಾಯ ಆಗಿದ್ದು 1995ರ ಏಪ್ರಿಲ್ 1ರಿಂದ, ಸೀಸ ಇಲ್ಲದ ಪೆಟ್ರೋಲ್ ಅಲ್ಲಿ ಬಂದಿದ್ದೂ ಆಗಲೇ, ಯಾಕಂದ್ರೆ ಸೀಸ ಕ್ಯಾಟಿನ ಮೇಲೆ ಕೂತ್ರೆ ಅದು ಸತ್ತೇಹೋಗುತ್ತೆ. ಆ ಕಾಲದ ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಹತ್ರ ಅನ್‌ಲೆಡೆಡ್ ಮಾತ್ರ ಅಂತ ಸ್ಟಿಕ್ಕರ್ ಇವತ್ತಿಗೂ ಕಾಣುತ್ತೆ. ಬಿಎಸ್ ಅಂದ್ರೆ ಭಾರತ್ ಸ್ಟೇಜ್, ಗಾಡಿ ಹೊಗೆಗೆ ಸರ್ಕಾರ ಹಾಕಿರೋ ಮಿತಿಯ ಹಂತ. ಪುಣೆಗೆ ಬಿಎಸ್-4 ಬಂದಿದ್ದು 2010ರ ಏಪ್ರಿಲ್‌ನಲ್ಲಿ. ನಿಮ್ಮ ಗಾಡಿ ಯಾವ ಬಿಎಸ್ ಅಂತ ಆರ್‌ಸಿ ನೋಡಿ ಒಂದು ಕಡೆ ಬರ್ದಿಟ್ಕೊಳ್ಳಿ, ಮುಂದೆ ಪಿಯುಸಿಗೂ (ಹೊಗೆ ತಪಾಸಣೆ) ಹೊಸ ಕ್ಯಾಟ್ ತಗೊಳ್ಳೋಕೂ ಅದೇ ಬೇಕು.

ಕ್ಯಾಟ್ ಒಳಗೆ ಜೇನುಗೂಡಿನ ತರ ಸಣ್ಣ ಸಣ್ಣ ತೂತಿನ ಸೆರಾಮಿಕ್ ಜಾಲಿ ಇರುತ್ತೆ, ಅದರ ಮೇಲೆ ಈ ಬೆಲೆಬಾಳೋ ಲೋಹಗಳ ತೆಳು ಲೇಪ. ಸುಮಾರು 250ರಿಂದ 300 ಡಿಗ್ರಿ ಬಿಸಿ ಆದ್ಮೇಲೆ ಕೆಲಸ ಶುರು ಮಾಡುತ್ತೆ, ಕಾರ್ಬನ್ ಮಾನಾಕ್ಸೈಡನ್ನ ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ, ಸುಡದೆ ಉಳಿದ ಪೆಟ್ರೋಲನ್ನ ಸುಡುತ್ತೆ, ನೈಟ್ರೋಜನ್ ಆಕ್ಸೈಡನ್ನ ಒಡೆದು ಸಾದಾ ನೈಟ್ರೋಜನ್ ಮಾಡುತ್ತೆ. ಚೆನ್ನಾಗಿರೋ ಕ್ಯಾಟ್ ಬಿಸಿ ಇದ್ದಾಗ ಈ ವಿಷದಲ್ಲಿ 90%ಗಿಂತ ಜಾಸ್ತಿ ತಡೆಯುತ್ತೆ.

ಕಿತ್ತುಹಾಕೋದು ಯಾಕೆ ಬೇಡ

ಕಾನೂನು ಮೊದ್ಲು ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಸ್ಪೆಸಿಫಿಕೇಶನ್ ಬದಲಾಯಿಸೋ ಹಾಗಿಲ್ಲ, ಬದಲಾಯಿಸಿದ್ರೆ 182ಎ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಇಲ್ಲಾ 6 ತಿಂಗಳವರೆಗೆ ಜೈಲು. ಹೊಗೆ, ಸದ್ದಿನ ನಿಯಮ ಮುರಿದ್ರೆ ಸೆಕ್ಷನ್ 190(2)ರಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಲೈಸೆನ್ಸ್ 3 ತಿಂಗಳು ಹೋಗಬಹುದು.

ಆದ್ರೆ ನನಗೆ ದಂಡಕ್ಕಿಂತ ದೊಡ್ಡ ವಿಷ್ಯ ಇನ್ನೊಂದಿದೆ. ಸಂಜೆ ಸ್ವಾರ್‌ಗೇಟ್ ಸಿಗ್ನಲ್ಲಿನಲ್ಲಿ ನಿಂತಾಗ ಕನ್ನಡೀಲಿ ನೋಡಿ, ನಿಮ್ಮ ಬಂಪರಿಗೆ ಒತ್ಕೊಂಡು ಸ್ಕೂಟರ್ ನಿಂತಿರುತ್ತೆ, ಮುಂದೆ ಫುಟ್‌ಬೋರ್ಡಲ್ಲಿ ಸ್ಕೂಲ್ ಯೂನಿಫಾರ್ಮ್ ಹಾಕಿರೋ ಮಗು ನಿಂತಿರುತ್ತೆ, ಆ ಮಗುವಿನ ಮುಖ ನಿಮ್ಮ ಸೈಲೆನ್ಸರ್ ಬಾಯಿಂದ ಬಹಳ ಅಂದ್ರೆ ಎರಡು ಮಾರು ದೂರ. ಕ್ಯಾಟ್ ಇಲ್ಲದ ಗಾಡಿ ಐಡಲ್‌ನಲ್ಲಿ ಬಿಡೋದನ್ನ ಆ ಮಗು ಕುಡೀತಿರುತ್ತೆ. ಇದು ಗೊತ್ತಿದ್ದೂ ಕಿತ್ತುಹಾಕ್ಸೋದು ನನ್ನ ಪ್ರಕಾರ ತಪ್ಪು, ಅದ್ರಲ್ಲಿ ಎರಡು ಮಾತಿಲ್ಲ.

ಇನ್ನು ಪಿಕಪ್ ವಿಷ್ಯ. ಸಾವಿರ, ಸಾವಿರದ ಇನ್ನೂರು ಸಿಸಿ ಇಂಜಿನ್‌ಗೆ ಚೆನ್ನಾಗಿರೋ ಕ್ಯಾಟ್‌ನಿಂದ ಆಗೋ ತಡೆ ಗೊತ್ತಾಗದಷ್ಟು ಕಮ್ಮಿ. ತೆಗೆಸಿದ್ಮೇಲೆ ಪವರ್ ಬಂತು ಅನ್ನೋರಿಗೆ ಬಂದಿರೋದು ಸದ್ದು. ನಿಜವಾಗ್ಲೂ ಬ್ಲಾಕ್ ಆಗಿದ್ದ ಕ್ಯಾಟ್ ತೆಗೆದ್ರೆ ಫರಕ್ ಬರುತ್ತೆ ಹೌದು, ಆದ್ರೆ ಹೊಸ ಕ್ಯಾಟ್ ಹಾಕಿದ್ರೂ ಅಷ್ಟೇ ಫರಕ್ ಬರುತ್ತೆ.

ಕಾಯಿಲೆ ಎಲ್ಲಿದೆ ಹುಡುಕೋದು

ಇಲ್ಲಿ ಟೈಮ್ ಕೊಡಿ, ಅರ್ಧ ದುಡ್ಡು ಇಲ್ಲೇ ಉಳಿಯುತ್ತೆ.

ಬೆಳಿಗ್ಗೆ ತಣ್ಣಗಿರೋವಾಗ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ ಕಿವಿ ಕೊಡಿ. ಟಿಕ್ ಟಿಕ್ ಅಂತ ಸದ್ದು ಬಂದು ಬಿಸಿ ಆಗ್ತಾ ಆಗ್ತಾ ಕಮ್ಮಿ ಆದ್ರೆ ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿದೆ ಇಲ್ಲಾ ಮ್ಯಾನಿಫೋಲ್ಡ್ ಸೀಳಿದೆ. ಇದನ್ನ ಮೊದ್ಲು ಸರಿ ಮಾಡ್ಲೇಬೇಕು, ಯಾಕಂದ್ರೆ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಹೋಗಿ, ಹೊಗೇಲಿರೋ ಆಕ್ಸಿಜನ್ ಅಳೆಯೋ ಆಕ್ಸಿಜನ್ ಸೆನ್ಸರ್‌ಗೆ ತಪ್ಪು ಲೆಕ್ಕ ಕೊಡುತ್ತೆ, ಇಸಿಎಂ, ಅಂದ್ರೆ ಇಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಜಾಸ್ತಿ ಬಿಡುತ್ತೆ, ಕೊನೆಗೆ ಬೈಗುಳ ಕ್ಯಾಟ್‌ಗೆ. ಗಾಡಿ ಕೆಳಗೆ ಖಡಖಡ ಅಂತಿದ್ರೆ ಒಳಗಿನ ಜಾಲಿ ಒಡೆದಿರಬಹುದು, ಆದ್ರೆ ಅದಕ್ಕಿಂತ ಮೊದ್ಲು ಹೀಟ್ ಶೀಲ್ಡ್ ತಗಡು ಹಿಡಿದು ಅಲ್ಲಾಡಿಸಿ ನೋಡಿ. ಬೋಲ್ಟ್ ತುಕ್ಕು ತಿಂದು ತಗಡು ಸಡಿಲ ಆಗಿರೋದೇ ಎಷ್ಟೋ ಸಲ ಕಾರಣ, ಒಂದು ದೊಡ್ಡ ಸ್ಟೀಲ್ ಹೋಸ್ ಕ್ಲಿಪ್ ಸುತ್ತಿ ಬಿಗಿ ಮಾಡಿದ್ರೆ ಮುಗೀತು. ಹಿಂದಿನಿಂದ ಕೊಳೆತ ಮೊಟ್ಟೆ ವಾಸನೆ ಬರ್ತಿದ್ರೆ ಇಂಜಿನ್ ರಿಚ್ ಓಡ್ತಿದೆ, ಅಂದ್ರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಮಿಕ್ಸ್ಚರ್ ನೋಡಿಸಿ.

ಬ್ಲಾಕ್ ಆದ ಕ್ಯಾಟ್ ಊರೊಳಗೆ ಅಷ್ಟು ಗೊತ್ತಾಗಲ್ಲ, ಘಾಟಲ್ಲಿ ಗೊತ್ತಾಗುತ್ತೆ. ಬೆಳಗಾವಿ ಕಡೆ ಊರಿಗೆ ಹೊರಟಾಗ ಖಂಬಾಟಕಿ ಘಾಟ್ ಹತ್ತುವಾಗ ಕಾಲು ಪೂರ್ತಿ ಒತ್ತಿದ್ರೂ ಆರ್‌ಪಿಎಂ ಏರದೆ ಇಂಜಿನ್ ಉಸಿರು ಕಟ್ಟಿದಂಗೆ ಆದ್ರೆ ಅನುಮಾನ ಪಡಿ. ಅನುಮಾನ ಪಟ್ರೆ ಸಾಲದು, ಅಳೆಯಬೇಕು. ಕ್ಯಾಟಿಗಿಂತ ಮುಂದಿರೋ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿ, ಐಡಲ್‌ನಲ್ಲಿ 1.5 ಪಿಎಸ್‌ಐ ಒಳಗೆ ಇರಬೇಕು, 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದ್ರೆ ಎಲ್ಲೋ ಅಡ್ಡಿ ಇದೆ. ಕ್ಯಾಟ್ ಹಿಂದಿನ ಜಾಯಿಂಟ್ ಬಿಚ್ಚಿ ಮತ್ತೆ ಅಳೆದ್ರೆ ಅಡ್ಡಿ ಕ್ಯಾಟಲ್ಲಿದೆಯಾ ಮಫ್ಲರಲ್ಲಿದೆಯಾ ಅಂತ ಗೊತ್ತಾಗುತ್ತೆ. ಗೇಜ್ ಇಲ್ಲದ ಗ್ಯಾರೇಜು ಬ್ಲಾಕ್ ಅಂತ ಹೇಳಿದ್ರೆ ನಂಬೋ ಅಗತ್ಯ ಇಲ್ಲ.

ಕ್ಯಾಟ್ ತೂತು ತೆರೆದಿದ್ದು ಕೆಲಸ ಮಾತ್ರ ನಿಲ್ಲಿಸಿರೋದೂ ಉಂಟು. ಕ್ಯಾಟಿನ ಮುಂದೊಂದು, ಹಿಂದೊಂದು ಸೆನ್ಸರ್ ಇರೋ ಗಾಡಿಯಾದ್ರೆ ಸ್ಕ್ಯಾನರ್ ಹಾಕಿ ಲೈವ್ ಡೇಟಾ ನೋಡಿ. ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಕುಣೀತಿರಬೇಕು, ಹಿಂದಿನದು 0.6, 0.7ರ ಆಸುಪಾಸು ಸುಮ್ನೆ ನಿಂತಿರಬೇಕು. ಹಿಂದಿನದೂ ಮುಂದಿನದರ ಜೊತೆ ಕುಣಿದ್ರೆ ಕ್ಯಾಟ್ ಸತ್ತಿದೆ, ಸ್ಕ್ಯಾನರಲ್ಲಿ ಪಿ-0420 ಕೋಡ್ ಬರೋದು ಇದಕ್ಕೇ. ಇನ್‌ಫ್ರಾರೆಡ್ ಥರ್ಮಾಮೀಟರಲ್ಲೂ ನೋಡಬಹುದು, ಇಂಜಿನ್ ಪೂರ್ತಿ ಬಿಸಿ ಮಾಡಿ 2,500ರಲ್ಲಿ ಹಿಡಿದಾಗ ಹೊರಬಾಯಿ ಒಳಬಾಯಿಗಿಂತ ಸ್ವಲ್ಪ ಜಾಸ್ತಿ ಬಿಸಿ ಇರಬೇಕು, ಆದ್ರೆ ಬರೀ ಇದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ಎಲ್ಲಕ್ಕಿಂತ ಅಗ್ಗದ ಟೆಸ್ಟ್ ಅಂದ್ರೆ ಪಿಯುಸಿ, ಬರೀ ಪಾಸ್ ಚೀಟಿ ತಗೊಂಡು ಬರದೆ ನಂಬರ್ ಓದಿ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) 0.3%, ಸುಡದ ಪೆಟ್ರೋಲ್ ಅಂದ್ರೆ ಎಚ್‌ಸಿ 200 ಪಿಪಿಎಂ ಮಿತಿ, ಬಿಎಸ್-2 ಮತ್ತೆ 3ಕ್ಕೆ 0.5% ಮತ್ತೆ 750. ಸಿಒ ಮಾತ್ರ ಜಾಸ್ತಿ ಇದ್ರೆ ರಿಚ್ ಮಿಕ್ಸ್ಚರ್, ಎಚ್‌ಸಿ ಹಾರಿದ್ರೆ ಯಾವುದೋ ಸಿಲಿಂಡರ್ ಮಿಸ್ ಹೊಡೀತಿದೆ, ಅಂದ್ರೆ ಅದರೊಳಗೆ ಪೆಟ್ರೋಲ್ ಸರಿಯಾಗಿ ಉರೀತಿಲ್ಲ.

ಸಾಯಿಸಿದ್ದು ಯಾವುದು

ಕ್ಯಾಟ್ ತಾನಾಗಿ ಸಾಯೋದು ಅಪರೂಪ, ಸಾಯಿಸೋದು ಇಂಜಿನ್. ಮಿಸ್ ಹೊಡೆಯೋ ಸಿಲಿಂಡರ್‌ನಿಂದ ಸುಡದ ಪೆಟ್ರೋಲ್ ಹೋಗಿ ಕ್ಯಾಟ್ ಒಳಗೆ ಉರಿಯುತ್ತೆ, ಬಿಸಿ ಸಾವಿರ ಡಿಗ್ರಿ ದಾಟಿ ಜಾಲಿ ಕರಗಿ ಗಡ್ಡೆ ಕಟ್ಟುತ್ತೆ. ಆಯಿಲ್ ಕುಡಿಯೋ ಇಂಜಿನ್ ಆದ್ರೆ ಆಯಿಲಲ್ಲಿರೋ ರಂಜಕ ಲೇಪದ ಮೇಲೆ ಕೂರುತ್ತೆ. ಪುಣೆಯಲ್ಲಿ ಹೊರಗಡೆ ಸಿಎನ್‌ಜಿ ಕಿಟ್ ಹಾಕ್ಸಿರೋ ಹಳೇ ಗಾಡಿ ಬಹಳ, ಸಿಎನ್‌ಜಿಗೆ ಸ್ಪಾರ್ಕ್ ಜೋರು ಬೇಕು, ಸವೆದ ಪ್ಲಗ್, ಸೀಳಿದ ಪ್ಲಗ್ ವೈರ್ ಇಟ್ಕೊಂಡು ಓಡ್ಸಿದ್ರೆ ಸಣ್ಣಸಣ್ಣ ಮಿಸ್ ನಮಗೆ ಗೊತ್ತಾಗೋದೇ ಇಲ್ಲ, ಕ್ಯಾಟ್‌ಗೆ ಗೊತ್ತಾಗುತ್ತೆ. ಪ್ಲಗ್, ಕಾಯಿಲ್, ವೈರ್, ಟ್ಯೂನಿಂಗ್ ಸರಿಮಾಡದೆ ಹೊಸ ಕ್ಯಾಟ್ ಹಾಕ್ಸಿದ್ರೆ ಅದೂ ಅದೇ ದಾರಿ ಹಿಡಿಯುತ್ತೆ.

ಬಿಚ್ಚೋದು

ಮನೆ ಹತ್ರ ಮಾಡೋದಾದ್ರೆ ಜ್ಯಾಕ್ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಇಡಿ, ಚಕ್ರಕ್ಕೆ ಕಲ್ಲು ಕೊಡಿ, ನೆಲ ಗಟ್ಟಿ ಇರಲಿ, ಬ್ಯಾಟರಿ ನೆಗೆಟಿವ್ ತೆಗೀರಿ. ಹಿಂದಿನ ರಾತ್ರಿನೇ ಎಲ್ಲ ನಟ್ಟಿಗೂ ತುಕ್ಕು ಬಿಡಿಸೋ ಆಯಿಲ್ ಹೊಡೆದಿಡಿ. ಗೋವಾದಿಂದ ಸೆಕೆಂಡ್ ಹ್ಯಾಂಡ್ ತಂದ ಗಾಡಿ ಆದ್ರೆ, ಇಲ್ಲಾ ಮುಂಬೈಯಲ್ಲಿ ಸಮುದ್ರದ ಹತ್ರ ನಿಲ್ಲಿಸ್ತಿದ್ದ ಗಾಡಿ ಆದ್ರೆ ಉಪ್ಪುಗಾಳಿಗೆ ನಟ್ಟು ಸ್ಟಡ್ಡು ಒಂದೇ ಆಗಿಹೋಗಿರುತ್ತೆ, ಜೋರು ಮಾಡಿದ್ರೆ ಸ್ಟಡ್ ಮುರಿದು ಮ್ಯಾನಿಫೋಲ್ಡ್ ಒಳಗೇ ಉಳಿಯುತ್ತೆ, ಆಮೇಲೆ ಡ್ರಿಲ್ ಮಾಡೋದು ನರಕ. ಅಂಥ ಕಡೆ ಗ್ಯಾಸ್ ಟಾರ್ಚಲ್ಲಿ ನಟ್ಟನ್ನ ಮಾತ್ರ ಕೆಂಪಗೆ ಕಾಯಿಸಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪ ಆಡಿಸ್ತಾ ಬಿಚ್ಚಬೇಕು, ಪೆಟ್ರೋಲ್ ಲೈನ್, ಟ್ಯಾಂಕ್ ಹತ್ರ ಟಾರ್ಚ್ ತರಲೇಬೇಡಿ, ಅದು ಗ್ಯಾರೇಜಿನ ಕೆಲಸ.

ಆಕ್ಸಿಜನ್ ಸೆನ್ಸರ್‌ಗೆ ಸೀಳು ಇರೋ 22 ಎಂಎಂ ಸಾಕೆಟ್ ಸಿಗುತ್ತೆ, ನಾನಾ ಪೇಟ್‌ನ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿ. ಸ್ವಲ್ಪ ಬೆಚ್ಚಗಿರೋವಾಗ ಬಿಚ್ಚಿದ್ರೆ ಥ್ರೆಡ್ ಉಳಿಯುತ್ತೆ. ವಾಪಸ್ ಹಾಕೋವಾಗ ಥ್ರೆಡ್ಡಿಗೆ ಮಾತ್ರ ಆಂಟಿ-ಸೀಜ್ (ಕಚ್ಚಿಕೊಳ್ಳದಂಗೆ ಹಚ್ಚೋ ಪೇಸ್ಟ್) ಹಚ್ಚಿ, ಮೂತಿಗೆ ತಾಗಬಾರದು, 40 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು.

ಪೈಪ್ ಮಾಡಿಸೋದು

ಕ್ಯಾಟ್ ಹಿಂದಿನ ಪೈಪ್, ಮಫ್ಲರ್ ಕೊಳೆತಿದ್ರೆ ಬದಲಾಯಿಸ್ಬಹುದು, ಇಲ್ಲಿ ಒಳ್ಳೇ ಕೆಲಸ ಮಾಡಿಸ್ಕೊಳ್ಳೋ ಅವಕಾಶ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಬರುತ್ತೆ. ದಿನಾ ಮನೆಯಿಂದ ಮಾರ್ಕೆಟ್ಟಿಗೆ ಅಷ್ಟೇ ಓಡಿಸೋ ಗಾಡೀಲಿ ಹಿಂದಿನ ಮಫ್ಲರ್ ಬಿಸಿನೇ ಆಗಲ್ಲ, ಆ ನೀರು ಅಲ್ಲೇ ನಿಂತು ಒಳಗಿನಿಂದ ತಿನ್ನುತ್ತೆ, ಹೊರಗೆ ಪೇಂಟ್ ಹೊಡೆದ್ರೆ ಏನೂ ಉಪಯೋಗ ಇಲ್ಲ. ಅದಕ್ಕೆ ಸಾದಾ ಕಬ್ಬಿಣದ ಬದಲು ಸ್ಟೇನ್‌ಲೆಸ್ ಹಾಕ್ಸಿ, 409 ಗ್ರೇಡ್ ಸಾಕು, ಕರಾವಳಿಗೆ ಓಡಾಡೋರು 304 ಕೇಳಿ. ಮಫ್ಲರ್ ತಳದಲ್ಲಿ ಕಂಪನಿ ಬಿಟ್ಟಿರೋ ಸಣ್ಣ ನೀರಿನ ತೂತು ಮುಚ್ಚಬಾರದು, ಲೀಕ್ ಅಂತ ವೆಲ್ಡ್ ಮಾಡೋರು ಇದಾರೆ, ಹೇಳಿ ತಡೀರಿ.

ಪೈಪ್ ಅಗಲ ಒರಿಜಿನಲ್ ಇದ್ದಷ್ಟೇ ಇರಲಿ. ದಪ್ಪ ಪೈಪ್ ಹಾಕಿದ್ರೆ ಸಣ್ಣ ಇಂಜಿನ್‌ಗೆ ಗ್ಯಾಸಿನ ವೇಗ ಕಮ್ಮಿ ಆಗಿ ಕೆಳಗಿನ ಆರ್‌ಪಿಎಂನ ಎಳೆತ ಹೋಗುತ್ತೆ, ಪುಣೆ ಟ್ರಾಫಿಕ್ಕಿಗೆ ಬೇಕಾಗಿರೋದೇ ಅದು. ಬೆಂಡ್ ಮಾಡುವಾಗ ಪೈಪ್ ಚಪ್ಪಟೆ ಆಗಬಾರದು, ಪೈಪಿನ ಒಳಗೆ ಆಸರೆ ಕೊಟ್ಟು ಬಗ್ಗಿಸೋ ಮ್ಯಾಂಡ್ರೆಲ್ ಬೆಂಡ್ ಮಷೀನ್ ಇರೋ ಕಡೆ ಹೋಗಿ. ಮೊದ್ಲು ಗಾಡಿ ಕೆಳಗೇ ಹಿಡಿದು ಚುಕ್ಕಿ ವೆಲ್ಡ್, ಆಮೇಲೆ ಕೆಳಗಿಳಿಸಿ ಟಿಗ್‌ನಲ್ಲಿ ಪೂರ್ತಿ ವೆಲ್ಡ್, ಇದು ಸರಿಯಾದ ಕ್ರಮ. ಗಾಡೀಲೇ ವೆಲ್ಡ್ ಮಾಡ್ತೀನಿ ಅಂದ್ರೆ ಬ್ಯಾಟರಿ ತೆಗೆದಿರಬೇಕು, ಅರ್ಥ್ ಕ್ಲಿಪ್ ವೆಲ್ಡಿಂಗ್ ಜಾಗದ ಪಕ್ಕದಲ್ಲೇ ಪೈಪಿಗೆ ಹಾಕ್ಬೇಕು, ಇಲ್ಲಾಂದ್ರೆ ಇಸಿಎಂ ಹೋಗೋ ಚಾನ್ಸ್ ಇದೆ. ಮುಂದಿನ ಪೈಪ್ ಹಿಂದಿನ ಪೈಪಿನ ಒಳಗೆ ತೂರಬೇಕು, ಉಲ್ಟಾ ಆದ್ರೆ ಲೀಕ್. ರಬ್ಬರ್ ಹ್ಯಾಂಗರ್, ರಿಂಗ್ ಪ್ಯಾಕಿಂಗ್, ಸ್ಪ್ರಿಂಗ್ ಬೋಲ್ಟ್ ಎಲ್ಲ ಹೊಸದೇ ಹಾಕಿ. ಹೀಟ್ ಶೀಲ್ಡ್ ವಾಪಸ್ ಹಾಕ್ಲೇಬೇಕು, ಅದಿಲ್ಲದೆ ಬೇಸಿಗೇಲಿ ಒಣಹುಲ್ಲಿನ ಮೇಲೆ ಪಾರ್ಕ್ ಮಾಡಿದ್ರೆ ಬೆಂಕಿ ಹತ್ತಬಹುದು.

ಆಮೇಲೆ ಸ್ಟಾರ್ಟ್ ಮಾಡಿ ಬಯಲಲ್ಲಿ ನಿಲ್ಲಿಸಿ, ಒಬ್ರು ದಪ್ಪ ಒದ್ದೆ ಬಟ್ಟೆಯಿಂದ ಹಿಂದಿನ ಬಾಯಿ ಸ್ವಲ್ಪ ಹೊತ್ತು ಒತ್ತಿ ಹಿಡೀಲಿ, ಇನ್ನೊಬ್ರು ಜಾಯಿಂಟುಗಳಿಗೆ ಸೋಪ್ ನೀರು ಹಾಕಿ ಗುಳ್ಳೆ ಬರುತ್ತಾ ನೋಡಿ. ಮುಚ್ಚಿದ ಪಾರ್ಕಿಂಗಲ್ಲಿ ಇದನ್ನ ಮಾಡಬೇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಹೊಸ ಕ್ಯಾಟ್, ಖಾಲಿ ಡಬ್ಬಿ

ಕಂಪನಿದು ದುಬಾರಿ, ಹೊರಗಿನದು ಅಗ್ಗ. ಹೊರಗಿನದರಲ್ಲಿ ಲೋಹ ಕಮ್ಮಿ ಇರುತ್ತೆ, ಅದಕ್ಕೇ ಅಗ್ಗ. ಹೊರಗಿನದೇ ತಗೊಂಡ್ರೂ ನಿಮ್ಮ ಗಾಡಿಯ ಬಿಎಸ್‌ಗೆ ಹೊಂದೋದು ಅಂತ ಬಿಲ್ಲಿನಲ್ಲಿ ಬರೆಸಿ, ವಾರಂಟಿ ಕೇಳಿ. ಹಳೇ ಸಾಮಾನಿನ ಬಜಾರಿನ ಸೆಕೆಂಡ್ ಹ್ಯಾಂಡ್ ಕ್ಯಾಟ್ ಮುಟ್ಟಬೇಡಿ, ಯಾರ ಗಾಡಿಯಿಂದ ಕಿತ್ತಿದ್ದೋ ಗೊತ್ತಾಗಲ್ಲ.

ಇನ್ನೊಂದು ಮೋಸ ಇದೆ, ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋರು ಗಮನ ಕೊಟ್ಟು ಓದಿ. ಡಬ್ಬಿ ಕುಯ್ದು ಜಾಲಿ ತೆಗೆದು, ಖಾಲಿ ಡಬ್ಬಿನೇ ವೆಲ್ಡ್ ಮಾಡಿ ವಾಪಸ್ ಹಾಕಿರ್ತಾರೆ. ಕೆಳಗಿನಿಂದ ನೋಡಿದ್ರೆ ಕ್ಯಾಟ್ ಇದ್ದಂಗೇ ಇರುತ್ತೆ. ಕಂಪನಿ ವೆಲ್ಡಿಂಗ್ ಗೆರೆ ಸಪೂರ, ನೇರ, ಒಂದೇ ಸಮ ಇರುತ್ತೆ. ಕೈಯಲ್ಲಿ ಮಾಡಿದ್ದು ಉಬ್ಬುತಗ್ಗಾಗಿ, ಎಷ್ಟೋ ಸಲ ಡಬ್ಬಿಯ ಮೇಲ್ಭಾಗದಲ್ಲಿ ಕಾಣದ ಹಾಗೆ ಇರುತ್ತೆ, ಅದಕ್ಕೆ ಕೈಯಾಡಿಸಿ ನೋಡಿ, ಇಂಜಿನ್ ತಣ್ಣಗಿದ್ದಾಗ. ಇನ್ನೂ ಅನುಮಾನ ಇದ್ರೆ ಸೆನ್ಸರ್ ತೂತಿನಿಂದ ಮೊಬೈಲಿಗೆ ಹಾಕೋ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಬಿಡಿ. ಚೆನ್ನಾಗಿದ್ರೆ ಬೂದು ಬಣ್ಣದ ಸಣ್ಣ ಚೌಕಗಳು ಸಾಲಾಗಿ ಕಾಣ್ತವೆ, ಕರಗಿದ್ರೆ ಗಾಜಿನಂಥ ಹೊಳಪಿನ ಗಡ್ಡೆ, ಕಿತ್ತಿದ್ರೆ ಬರೀ ಕಪ್ಪು ತಗಡು.

ಹಳೇದನ್ನ ಗುಜರಿಗೆ ಹಾಕೋದು

ಗ್ಯಾರೇಜಿಗೆ ಗಾಡಿ ಬಿಡೋವಾಗ್ಲೇ ಹಳೇ ಪಾರ್ಟ್ ನನಗೆ ವಾಪಸ್ ಬೇಕು ಅಂತ ಜಾಬ್ ಕಾರ್ಡಲ್ಲಿ ಬರೆಸಿ. ಬಿಚ್ಚಿದ ತಕ್ಷಣ ಫೋಟೋ ತೆಗೀರಿ, ಡಬ್ಬಿ ಮೇಲೆ ಒತ್ತಿರೋ ಕೋಡ್ ಕಾಣೋ ಹಾಗೆ, ತೂಕನೂ ಮಾಡಿ.

ಕಿಲೋ ಲೆಕ್ಕದಲ್ಲಿ ಕೊಡಬೇಡಿ, ಅದು ಕಬ್ಬಿಣದ ರೇಟು. ಸರಿಯಾಗಿ ಕೊಳ್ಳೋರು ಕೋಡ್ ನೋಡಿ, ಇಲ್ಲಾ ಜಾಲಿ ಪುಡಿಯ ಸ್ಯಾಂಪಲನ್ನ ಎಕ್ಸ್-ರೇ ಬಿಟ್ಟು ಲೋಹ ಅಳೆಯೋ ಎಕ್ಸ್‌ಆರ್‌ಎಫ್ ಮಷೀನಲ್ಲಿ ನೋಡಿ ಅವತ್ತಿನ ಲೋಹದ ರೇಟ್ ಮೇಲೆ ಹೇಳ್ತಾರೆ. ಸಣ್ಣ ಕಾರಲ್ಲಿ ಎಲ್ಲ ಲೋಹ ಸೇರಿ ಕೆಲವೇ ಗ್ರಾಂ, ಅದ್ರಲ್ಲೂ ರೋಡಿಯಂ ಚೂರುಪಾರು, ಆದ್ರೂ ಗುಜರಿ ಕಬ್ಬಿಣಕ್ಕಿಂತ ಎಷ್ಟೋ ಪಾಲು ಜಾಸ್ತಿ. ರೇಟು ವಿಪರೀತ ಏರಿಳಿಯುತ್ತೆ, 2021ರಲ್ಲಿ ರೋಡಿಯಂ ಔನ್ಸ್‌ಗೆ, ಅಂದ್ರೆ 31.1 ಗ್ರಾಂಗೆ, 25 ಸಾವಿರ ಡಾಲರ್ ದಾಟಿತ್ತು, 2023ರಲ್ಲಿ 5 ಸಾವಿರಕ್ಕಿಂತ ಕೆಳಗೆ ಬಿತ್ತು. ಯಾರೋ ಗೆಳೆಯರಿಗೆ ಆವತ್ತು ಸಿಕ್ಕಿದ ದುಡ್ಡು ನಿಮಗೂ ಸಿಗಬೇಕು ಅಂತ ಇಲ್ಲ. ಹೊರಗಿನ ಅಗ್ಗದ ಕ್ಯಾಟ್ ಆಗಿದ್ರೆ ಇನ್ನೂ ಕಮ್ಮಿ.

ಜಾಸ್ತಿ ಸಿಗುತ್ತೆ ಅಂತ ಮನೇಲಿ ಕುಯ್ಯಬೇಡಿ. ಆ ಪುಡಿ ಬಹಳ ನುಣ್ಣಗಿರುತ್ತೆ, ಜಾಲಿ ಸುತ್ತ ಇರೋ ನಾರಿನ ಪದರ ಶ್ವಾಸಕೋಶಕ್ಕೆ ಕೆಟ್ಟದ್ದು, ಮೇಲಾಗಿ ಪುಡಿ ಚೆಲ್ಲಿದಷ್ಟೂ ದುಡ್ಡು ಚೆಲ್ಲಿದಂಗೆ. ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಇಡೀ ಡಬ್ಬಿನೇ ಕೊಡಿ. ಪೊಲ್ಯೂಷನ್ ಬೋರ್ಡ್ ಪರವಾನಗಿ ಇರೋ ರಿಸೈಕ್ಲರ್‌ಗೆ ಕೊಡಿ, ಇಲ್ಲಾ ಅಂಥವರಿಗೆ ಕೊಡೋ ಸರ್ವೀಸ್ ಸೆಂಟರ್‌ಗೆ ಕೊಡಿ, ಪರವಾನಗಿ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ.

ಬಿಲ್ ಮುಖ್ಯ, ಯಾಕಂದ್ರೆ ಪುಣೆ, ಠಾಣೆ ಕಡೆ ಮಾರುತಿ ಈಕೋ ವ್ಯಾನುಗಳ ಸೈಲೆನ್ಸರ್ ಕಳ್ಳತನದ ಕೇಸುಗಳು ಸಾಲುಸಾಲು ಆಗಿವೆ, ರಾತ್ರಿ ಸೊಸೈಟಿ ಹೊರಗೆ ನಿಲ್ಲಿಸಿದ ಗಾಡಿ ಕೆಳಗೆ ತೂರಿ ಬಿಚ್ಕೊಂಡು ಹೋಗಿ ಒಳಗಿನ ಜಾಲಿ ಮಾರ್ತಾರೆ. ಅದಕ್ಕೆ ನೀವು ಮಾರೋವಾಗ ಗಾಡಿ ನಂಬರ್, ಪಾರ್ಟ್ ಕೋಡ್, ತಾರೀಖು ಇರೋ ಚೀಟಿ ತಗೊಳ್ಳಿ, ಹೊಸ ಕ್ಯಾಟಿನ ಬಿಲ್ ಜೊತೆ ಇಡಿ. ಈಕೋ ಇರೋರು ಕೆಳಗೆ ಕಬ್ಬಿಣದ ಜಾಲರಿ ಹಾಕ್ಸಿ, ಸಾಧ್ಯ ಆದ್ರೆ ಗೋಡೆಗೆ ಒತ್ತಿ ಪಾರ್ಕ್ ಮಾಡಿ.

ಇಡೀ ಕಾರೇ ಗುಜರಿಗೆ ಹಾಕೋ ಹೊತ್ತು ಬಂದಿದ್ರೆ ಕ್ಯಾಟ್ ಮೊದ್ಲೇ ಬಿಚ್ಚಿ ಮಾರೋ ಯೋಚನೆ ಬೇಡ. 2021ರ ನಿಯಮದ ಪ್ರಕಾರ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಿ, ಕ್ಯಾಟ್ ಇದೆ ಅಂತ ತೋರಿಸಿ ಬೆಲೆ ಮಾತಾಡಿ, ಗಾಡಿ ಒಪ್ಪಿಸಿದ್ದಕ್ಕೆ ಅವರು ಕೊಡೋ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ತಗೊಳ್ಳಿ. ಅದು ಇದ್ರೆ ಹೊಸ ಸ್ವಂತ ಕಾರಿನ ರಸ್ತೆ ತೆರಿಗೇಲಿ 25%ವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ, ಆರ್‌ಸಿ ರದ್ದಾಗಿದ್ದಕ್ಕೂ ದಾಖಲೆ ಇರುತ್ತೆ.

ಎಲ್ಲ ಆದ್ಮೇಲೆ

ಮೊದಲ ಲಾಂಗ್ ಡ್ರೈವ್ ಆದ್ಮೇಲೆ ತಣ್ಣಗಾದಾಗ ಎಲ್ಲ ಬೋಲ್ಟು ಇನ್ನೊಂದ್ಸಲ ಬಿಗಿ ಮಾಡಿ, ಹೊಸ ಪ್ಯಾಕಿಂಗ್ ಕೂತು ಸಡಿಲ ಆಗಿರುತ್ತೆ. ಪಿಯುಸಿಗೆ ಹೋಗೋ ಮುಂಚೆ ಕಾಲು ಗಂಟೆ ಓಡ್ಸಿ, ಬಿಸಿ ಇದ್ದಾಗ್ಲೇ ಟೆಸ್ಟ್ ಮಾಡ್ಸಿ, ಕ್ಯೂ ಉದ್ದ ಇದ್ರೆ ಇಂಜಿನ್ ಆಫ್ ಮಾಡಿ ಅರ್ಧ ಗಂಟೆ ನಿಲ್ಲೋ ಬದಲು ಇನ್ನೊಂದು ಸುತ್ತು ಹಾಕಿ ಬನ್ನಿ. ಬಿಎಸ್-4 ಗಾಡಿಗೆ ಚೀಟಿ ಒಂದು ವರ್ಷ ನಡೆಯುತ್ತೆ, ಅದಕ್ಕಿಂತ ಹಳೇದಕ್ಕೆ 6 ತಿಂಗಳು. ಬಂದ ಸಿಒ, ಎಚ್‌ಸಿ ನಂಬರನ್ನ ಕಿಲೋಮೀಟರ್ ಜೊತೆ ಬಿಲ್ಲಿನ ಹಿಂದೆ ಬರ್ದಿಡಿ, ಮುಂದಿನ ಸಲ ಎಚ್‌ಸಿ ಏರಿದ್ದು ಕಂಡ್ರೆ ಕ್ಯಾಟ್ ಬಿಟ್ಟು ಮೊದ್ಲು ಪ್ಲಗ್ ಬಿಚ್ಚಿ ನೋಡಿ.